ಹೋಯ್ತಾ ಹೋಯ್ತಾ ಚಾರ್ಜಾಯ್ತದೆ

ನಮ್ಮ ಕಡೆಯ ಗಂಡಸರಿಗೆ ಒಂದು ಮಾತು ಬಾಯಿಪಾಠವಾಗಿಬಿಟ್ಟಿದೆ. ಮೊಬೈಲು ಸತ್ತಿದ್ದರೂ ಅದೇ ಮಾತು, ಕಾರಿನ ಸೆಲ್ಫು ಕೆಮ್ಮುತ್ತಿದ್ದರೂ ಅದೇ ಮಾತು, ಟ್ರಾಕ್ಟರಿನ ಹಿಂದೆ ಟ್ರೇಲರ್ ಕಟ್ಟಿ ಅದರ ಮೇಲೆ ದೇವರನ್ನು ಕೂರಿಸಿ, ದೇವರ ಬೆನ್ನ ಹಿಂದೆ ಬ್ಯಾಟರಿಯಿಟ್ಟು ನೂರೆಂಟು ದೀಪ ಉರಿಸುವಾಗಲೂ ಅದೇ ಮಾತು. "ಹೋಯ್ತಾ ಹೋಯ್ತಾ ಚಾರ್ಜಾಯ್ತದೆ ಬುಡಿ." ಈ ಮಾತಿನ ಮೇಲೆ ನನಗೆ ಕೋಪವಿದೆ. ಕೋಪ ಯಾಕೆಂದು ಹೇಳುವುದಕ್ಕೇ ಇವತ್ತು ಕೂತಿದ್ದೇನೆ. ಬ್ಯಾಟರಿ, ವೈರು ಎಂದೊಡನೆ "ಇದು ನಮಗಲ್ಲ" ಎಂದು ಪುಟ ಮಗುಚಬೇಡಿ. ಮನೆಯ ಯು.ಪಿ.ಎಸ್. ಬ್ಯಾಟರಿಗೆ ಮೂರು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ತುಂಬುವವರು ಯಾರು? ನೀವೇ ತಾನೇ? ಹಾಗಿದ್ದ ಮೇಲೆ ಇದು ನಿಮ್ಮದೇ ವಿಷಯ.

ನನ್ನ ತವರು ಶ್ರವಣಬೆಳಗೊಳಕ್ಕೆ ನಾಲ್ಕು ಮೈಲಿ ಆಚೆ. ನಮ್ಮ ಹಿತ್ತಲಲ್ಲಿ ನಿಂತರೆ ದೊಡ್ಡಬೆಟ್ಟ ಕಾಣುತ್ತದೆ. ನಾನು ಮದುವೆಯಾಗಿ ಬಂದದ್ದು ಚನ್ನರಾಯಪಟ್ಟಣಕ್ಕೆ, ಅಂದರೆ ಹೆಚ್ಚು ದೂರವೇನಲ್ಲ. ಬೆಳಗೊಳದಿಂದ ಬಸ್ಸು ಹತ್ತಿದರೆ ಅರ್ಧ ಗಂಟೆ. ಹಾಗಾಗಿ ತವರಿನ ಸಮಾಚಾರ ನನಗೆ ಅಲ್ಲಿಯವರಿಗಿಂತ ಮೊದಲೇ ತಲುಪುತ್ತದೆ.

ಬ್ಯಾಟರಿಯ ಮೊದಲ ಪಾಠವನ್ನು ನಾನು ಕಲಿತದ್ದು ರಾಮಾಯಣದಿಂದ. ವಾಲ್ಮೀಕಿಯ ರಾಮಾಯಣದಿಂದಲ್ಲ, 1987ರಲ್ಲಿ ದೂರದರ್ಶನದಲ್ಲಿ ಬರಲು ಶುರುವಾಯಿತಲ್ಲ, ಆ ರಾಮಾಯಣದಿಂದ. ಭಾನುವಾರ ಬೆಳಿಗ್ಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ನಮ್ಮಪ್ಪ ಟ್ರಾಕ್ಟರಿನ ಬ್ಯಾಟರಿ ಬಿಚ್ಚಿಸಿ ಜಗಲಿಗೆ ತರಿಸಿ, ಕಪ್ಪುಬಿಳುಪು ಟಿ.ವಿ.ಗೆ ಸಿಕ್ಕಿಸುತ್ತಿದ್ದರು. ಇಡೀ ಕೇರಿ ನಮ್ಮ ಜಗಲಿಯಲ್ಲಿ. ರಾಮ ಬಂದರೆ ಮುದುಕಿಯರು ಕೈ ಮುಗಿಯುತ್ತಿದ್ದರು. ರಾಮಾಯಣ ಮುಗಿದ ಮೇಲೂ ಟಿ.ವಿ. ಆರಿಸಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ, ಸಂಜೆಯ ಸಿನಿಮಾದವರೆಗೂ ಓಡುತ್ತಿತ್ತು. ಸೋಮವಾರ ಬೆಳಿಗ್ಗೆ ಟ್ರಾಕ್ಟರಿನ ಸೆಲ್ಫು ಒತ್ತಿದರೆ 'ಟಕ್' ಎಂಬ ಒಂದೇ ಸದ್ದು. ಆಗ ಆಳುಗಳೂ ನಮ್ಮಣ್ಣಂದಿರೂ ಸೇರಿ ತೆಂಗಿನ ತೋಟದ ಇಳಿಜಾರಿನವರೆಗೆ ತಳ್ಳಿಕೊಂಡು ಹೋಗಬೇಕು. ಅವ್ವ ಬಾಗಿಲಲ್ಲಿ ನಿಂತು, "ಕೂಡಿಟ್ಟದ್ದ ಖರ್ಚು ಮಾಡಿದ ಮೇಲೆ ಎಲ್ಲಿಂದ ಬತ್ತದೆ?" ಎನ್ನುತ್ತಿದ್ದಳು. ಅವ್ವನಿಗೆ ಓದು ಬರುತ್ತಿರಲಿಲ್ಲ. ಆದರೆ ಸಾಸಿವೆ ಡಬ್ಬಿಯ ದುಡ್ಡಿಗೂ ಬ್ಯಾಟರಿಯ ಕರೆಂಟಿಗೂ ಲೆಕ್ಕ ಒಂದೇ ಎಂಬುದು ಅವಳಿಗೆ ತಿಳಿದಿತ್ತು.

ಆಗ ಅಪ್ಪನೂ ಹೇಳುತ್ತಿದ್ದದ್ದು ಇದನ್ನೇ. ಇಳಿಜಾರಿನಲ್ಲಿ ಇಂಜಿನ್ ಹತ್ತಿಕೊಂಡ ಮೇಲೆ ಮೀಸೆ ತಿರುವುತ್ತಾ, "ಉಳುಮೆ ಮಾಡ್ತಾ ಮಾಡ್ತಾ ಚಾರ್ಜಾಯ್ತದೆ ಕಣೆ." ಅಪ್ಪನ ಮಾತು ಆಗ ಸುಳ್ಳಾಗಿರಲಿಲ್ಲ. ಇಡೀ ದಿನ ಜೋರಾಗಿ ಓಡುವ ಇಂಜಿನ್, ಅದರ ಪಕ್ಕದಲ್ಲೇ ಕುಳಿತ ಬ್ಯಾಟರಿ, ನಡುವೆ ಗೇಣುದ್ದದ ದಪ್ಪ ವೈರು, ಬೇರೆ ಖರ್ಚಿಲ್ಲ. ಸಂಜೆಯ ಹೊತ್ತಿಗೆ ತುಂಬುತ್ತಿತ್ತು. ಅಪ್ಪನ ಕಾಲದ ನಿಜವನ್ನು ಮಗ ತನ್ನ ಕಾಲದ ಸುಳ್ಳಿಗೆ ಸಾಕ್ಷಿ ಮಾಡಿಕೊಂಡನಲ್ಲ, ತಕರಾರು ಇರುವುದು ಅಲ್ಲಿ.

2023ರ ಗಣಪತಿ ಹಬ್ಬ. ಆ ವರ್ಷ ಮಳೆ ಕೈಕೊಟ್ಟು, ನಮ್ಮೂರ ಕೆರೆಯಲ್ಲಿ ಗಣಪತಿ ಮುಳುಗುವುದಿರಲಿ, ಇಲಿಯ ಬಾಲ ನೆನೆಯುವಷ್ಟೂ ನೀರಿರಲಿಲ್ಲ. ಹಾಗಾಗಿ ಮೇನ್ ರೋಡಿನಲ್ಲಿ ಆರು ಕಿಲೋಮೀಟರು ಹೋಗಿ ಇನ್ನೊಂದು ಊರಿನ ಕೆರೆಯಲ್ಲಿ ಬಿಡುವುದೆಂದು ಹುಡುಗರು ತೀರ್ಮಾನಿಸಿದರು. ಗಾಡಿ ನನ್ನ ತಮ್ಮನದೇ. ಟ್ರೇಲರಿನ ನಾಲ್ಕು ಸುತ್ತಲೂ ಬಾಳೆಕಂದು, ಹೊಂಬಾಳೆ, ಸೇವಂತಿಗೆ ಹಾರ. ಮೇಲೆ ಸೀರಿಯಲ್ ಸೆಟ್ಟುಗಳ ಚಪ್ಪರ, ದೇವರ ಮುಖಕ್ಕೆ ಎರಡು ಫೋಕಸ್ ಲೈಟು, ಹಿಂದೆ ತಿರುಗುವ ಚಕ್ರದ ದೀಪ, ಎರಡು ಪೆಟ್ಟಿಗೆಯ ಮೈಕು. ಜನರೇಟರ್ ಬಾಡಿಗೆಗೆ ತರೋಣ ಎಂದವನನ್ನು ಎಲ್ಲರೂ ಸೇರಿ ನಕ್ಕು ಕೂರಿಸಿದರು. "ಟ್ರಾಕ್ಟರೇ ಜನರೇಟರ್ ಅಲ್ವಾ? ದೊಡ್ಡ ಬ್ಯಾಟ್ರಿ ಒಂದಿಡಣ, ಇನ್ವರ್ಟರ್ ಹಾಕಣ, ಇಂಜಿನ್ನಿಂದ ಒಂದು ವೈರ್ ಎಳಿಯಣ. ಹೋಯ್ತಾ ಹೋಯ್ತಾ ಚಾರ್ಜಾಯ್ತದೆ."

ನಾನು ಹಬ್ಬಕ್ಕೆಂದು ಹೋದವಳು ಜಗಲಿಯಲ್ಲಿ ಹೂ ಕಟ್ಟುತ್ತಾ ಇದನ್ನೆಲ್ಲ ನೋಡುತ್ತಿದ್ದೆ. ಇಂಜಿನ್ನಿನಿಂದ ಟ್ರೇಲರಿಗೆ ಹೊಸ ವೈರು ಎಳೆಯಲಿಲ್ಲ ಅವರು. ಟ್ರೇಲರಿನ ಅಡಿಯಲ್ಲಿ ಮೊದಲೇ ಒಂದು ವೈರು ಹೋಗಿತ್ತು, ಹಿಂದಿನ ಕೆಂಪು ದೀಪಕ್ಕೆ. ಅದನ್ನೇ ಕತ್ತರಿಸಿ ಬ್ಯಾಟರಿಗೆ ಕೊಟ್ಟರು. "ಹಿಂದ್ಲ ಲೈಟು?" ಎಂದೆ ನಾನು. ತಮ್ಮ ನಕ್ಕ. "ಅಕ್ಕ, ಇಷ್ಟು ಲೈಟ್ ಹಾಕಿವ್ನಿ, ಬೆಟ್ಟದ ಮ್ಯಾಲಿಂದ್ಲೂ ಕಾಣ್ತದೆ. ಆ ಮಿಣುಕು ಬಲ್ಬ್ ಯಾಕೆ? ನಿಂಗೆ ಇವೆಲ್ಲ ತಿಳಿಯಾಕಿಲ್ಲ, ಹೂ ಕಟ್ಟು."

ಹೂ ಕಟ್ಟಿದೆ.

ಏಳೂವರೆಗೆ ಹೊರಟ ಮೆರವಣಿಗೆ ಆಮೆಯ ನಡಿಗೆಯಲ್ಲಿ ಸಾಗಿತು. ಮೊದಲ ಒಂದು ಗಂಟೆ ಕಣ್ಣಿಗೆ ಹಬ್ಬ. ಆಮೇಲೆ ಮೈಕು ಗೊಗ್ಗರು ದನಿ ತೆಗೆಯಿತು. ಫೋಕಸ್ ಲೈಟು ಹಳದಿಗೆ ತಿರುಗಿತು. ಹತ್ತಕ್ಕೆ ಕಾಲು ಗಂಟೆಯಿದೆ ಎನ್ನುವಾಗ ಇನ್ವರ್ಟರ್ ಒಂದೇ ಸಮನೆ ಕೂಗಿ ಸುಮ್ಮನಾಯಿತು. ಆರತಿಗೆಂದು ನಿಲ್ಲಿಸಿದ್ದಾಗ ಡೀಸೆಲ್ ಉಳಿಸಲು ಇಂಜಿನ್ ಆರಿಸಿದ್ದರು. ಈಗ ಸೆಲ್ಫು ಒತ್ತಿದರೆ ನಮ್ಮಪ್ಪನ ಕಾಲದ ಅದೇ 'ಟಕ್'. ಎರಡು ಬ್ಯಾಟರಿಗಳನ್ನೂ ನೇರವಾಗಿ ಕೂಡಿಸಿದ್ದರಿಂದ ಹಿಂದಿನದು ಖಾಲಿಯಾಗುತ್ತಾ ಮುಂದಿನದನ್ನೂ ಹೀರಿಕೊಂಡಿತ್ತು. ಮೇನ್ ರೋಡಿನ ತಿರುವು. ಎರಡೂ ಕಡೆ ಹುಣಸೆ ಮರ. ದೇವರು, ಹೂವು, ನಾಲ್ಕು ಮಕ್ಕಳು, ಅವರಲ್ಲಿ ನನ್ನ ತಮ್ಮನ ಮಗಳೂ ಒಬ್ಬಳು, ಎಲ್ಲ ಆ ಕತ್ತಲಲ್ಲಿ. ಮೊಬೈಲಿನ ಟಾರ್ಚು ಹಿಡಿದವರೆಲ್ಲ ಇಂಜಿನ್ನಿನ ಹತ್ತಿರ ಗುಂಪಾಗಿ ಬಗ್ಗಿದ್ದರು. ಹಿಂದುಗಡೆ ಒಬ್ಬರೂ ಇರಲಿಲ್ಲ.

ಪಾಳಿ ಮುಗಿಸಿ ಬೈಕಿನಲ್ಲಿ ಮನೆಗೆ ಬರುತ್ತಿದ್ದ ಹುಡುಗನೊಬ್ಬ ಬಂದು ಟ್ರೇಲರಿನ ಹಿಂಬದಿಗೆ ಹೊಡೆದ.

ಅವನು ಬದುಕಿದ, ಆತಂಕ ಬೇಡ. ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು, ರಾಡು ಹಾಕಿದರು, ಎಂಟು ತಿಂಗಳು ಹಾಸಿಗೆ. ಕೆಲಸ ಹೋಯಿತು. ಮದುವೆಗೆ ನೋಡಿಟ್ಟಿದ್ದ ಹೆಣ್ಣೂ ತಪ್ಪಿತೆಂದು ಆಮೇಲೆ ಕೇಳಿದೆ. ಮಾರನೆಯ ದಿನವೇ ಊರಿನಲ್ಲಿ ಮಾತು ಹುಟ್ಟಿತು, "ಹುಡುಗ ಕುಡಿದಿದ್ದನಂತೆ." ಅವನು ಕುಡಿದಿರಲಿಲ್ಲ. ಆಸ್ಪತ್ರೆಯ ಕಾಗದದಲ್ಲಿ ಅದು ಬರೆದಿತ್ತು, ನಾನೇ ಓದಿದೆ. ರಾಜಿ ಪಂಚಾಯಿತಿಯಾಗಿ, ತಮ್ಮ ಆಸ್ಪತ್ರೆಯ ಖರ್ಚಿನ ಅರ್ಧ ಕೊಟ್ಟು, ದೊಡ್ಡ ಉಪಕಾರ ಮಾಡಿದವನಂತೆ ಎದ್ದು ಬಂದ. ನಾನು ಹಣ್ಣು ಹಿಡಿದು ಆಸ್ಪತ್ರೆಗೆ ಹೋದಾಗ ಆ ಹುಡುಗನ ತಾಯಿ ನನ್ನನ್ನು ಬೈಯಲಿಲ್ಲ. ಒಂದೇ ಮಾತು ಕೇಳಿದಳು. "ಅಷ್ಟೊಂದು ಲೈಟ್ ಹಾಕಿದ್ರಂತಲ್ಲವ್ವ, ಹಿಂದುಕ್ಕೊಂದು ಹಾಕಾಕ್ಕೆ ಆಗ್ನಿಲ್ವಾ?"

ಈ ಮಾತಿಗೆ ಉತ್ತರ ಹುಡುಕಿಕೊಂಡು ನಾನು ನಮ್ಮ ಪೇಟೆಯ ಬ್ಯಾಟರಿ ಅಂಗಡಿಗೆ ಹೋದೆ. ಯು.ಪಿ.ಎಸ್.ಗೆ ನೀರು ಕೊಳ್ಳಲು ಹೋಗಿ ಹೋಗಿ ಪರಿಚಯವಾದ ಅಂಗಡಿ. ಮಾಲೀಕರು ವಯಸ್ಸಾದವರು, ತಾಳ್ಮೆಯವರು. "ಕೂತ್ಕೊಳಿ ತಾಯಿ, ಲೆಕ್ಕ ಹಾಕೋಣ," ಎಂದು ಬಿಲ್ಲಿನ ಹಿಂಬದಿಯಲ್ಲಿ ಬರೆಯತೊಡಗಿದರು. ಆ ಚೀಟಿ ಈಗಲೂ ನನ್ನ ಹತ್ತಿರವಿದೆ.

ಬ್ಯಾಟರಿಯೆಂದರೆ ತೊಟ್ಟಿ, ವೈರೆಂದರೆ ಕೊಳವೆ. ಹನ್ನೆರಡು ವೋಲ್ಟಿನದು ಎಂದು ಕರೆಯುವ ಸೀಸದ ಬ್ಯಾಟರಿ ಪೂರ್ತಿ ತುಂಬಿ ಸುಮ್ಮನೆ ಕೂತಿದ್ದಾಗ 12.6 ವೋಲ್ಟ್ ತೋರಿಸುತ್ತದೆ, 12.2 ತೋರಿಸಿದರೆ ಅರ್ಧ ಖಾಲಿ. ಅದನ್ನು ತುಂಬಬೇಕಾದರೆ ಅದಕ್ಕಿಂತ ಎತ್ತರದಿಂದ ಸುರಿಯಬೇಕು, ಪೂರ್ತಿ ತುಂಬಲು 14ರ ಮೇಲೇ ಬೇಕು. ಓವರ್‌ಹೆಡ್ ಟ್ಯಾಂಕು ನಲ್ಲಿಗಿಂತ ಮೇಲಿದ್ದರೆ ತಾನೇ ನೀರು ಬರುವುದು? ಇಂಜಿನ್ ಜೋರಾಗಿ ಓಡುವಾಗ ಅದರ ಆಲ್ಟರ್ನೇಟರ್ ಕೊಡುವುದು ಸುಮಾರು 14. ಅಂದರೆ ಇರುವ ಎತ್ತರವೇ ಒಂದೂವರೆ ವೋಲ್ಟಿನಷ್ಟು. ಈಗ ಕೊಳವೆ ನೋಡಿ. ಇಂಜಿನ್ನಿನಿಂದ ಟ್ರೇಲರಿನ ಹಿಂಬದಿಗೆ ಎಂಟು ಮೀಟರ್ ಹೋಗಲು, ಎಂಟು ಮೀಟರ್ ಬರಲು, ಒಟ್ಟು ಹದಿನಾರು ಮೀಟರ್. ಅವರು ಬಳಸಿದ್ದು ಕೆಂಪು ದೀಪದ ಒಂದೂವರೆ ಚದರ ಮಿಲಿಮೀಟರಿನ ಸಣ್ಣ ವೈರು. ಅದರಲ್ಲಿ ಹತ್ತು ಆಂಪಿಯರ್ ಹರಿದರೆ ಸುಮಾರು 1.8 ವೋಲ್ಟ್ ದಾರಿಯಲ್ಲೇ ಸೋರಿ ಶಾಖವಾಗಿ ಹೋಗುತ್ತದೆ. ಹೊರಟದ್ದು 14, ತಲುಪಿದ್ದು 12.2. ತುಂಬಬೇಕಾದ ತೊಟ್ಟಿಯ ಮಟ್ಟಕ್ಕೇ ನಲ್ಲಿ ಬಂದು ನಿಂತರೆ ನೀರು ಬೀಳುವುದೆಲ್ಲಿಂದ? ಇದೇ ವೈರು ಹದಿನಾರು ಚದರ ಮಿಲಿಮೀಟರಿನದಾಗಿದ್ದರೆ ಸೋರಿಕೆ 0.2 ವೋಲ್ಟನ್ನೂ ಮುಟ್ಟುತ್ತಿರಲಿಲ್ಲ.

ಇನ್ನು ಖರ್ಚಿನ ಕಡೆ. ದೀಪ, ಚಕ್ರ, ಮೈಕು ಎಲ್ಲ ಸೇರಿ ಐನೂರು ವ್ಯಾಟ್ ಎಂದಿಟ್ಟುಕೊಂಡರು. ಇನ್ವರ್ಟರ್ ತನ್ನ ದಲ್ಲಾಳಿತನಕ್ಕೆ ಇನ್ನಷ್ಟು ತಿನ್ನುತ್ತದೆ. ಹನ್ನೆರಡರಿಂದ ಭಾಗಿಸಿದರೆ ಹತ್ತಿರ ಹತ್ತಿರ ಐವತ್ತು ಆಂಪಿಯರ್ ಹೊರಕ್ಕೆ. ಒಳಕ್ಕೆ ಬರುತ್ತಿದ್ದದ್ದು ಎಂಟೋ ಹತ್ತೋ ಇದ್ದರೆ ಅದೇ ಪುಣ್ಯ, ಯಾಕೆಂದರೆ ಮೆರವಣಿಗೆಯಲ್ಲಿ ಇಂಜಿನ್ ತೂಕಡಿಸುತ್ತಾ ನಡೆಯುತ್ತದೆ, ಆಲ್ಟರ್ನೇಟರ್ ಪೂರ್ತಿ ಕೊಡುವುದು ಇಂಜಿನ್ ವೇಗವಾಗಿ ತಿರುಗಿದಾಗ. ಹಳೆಯ ಡೈನಮೋ ಇರುವ ಟ್ರಾಕ್ಟರಾದರೆ ನಿಧಾನದಲ್ಲಿ ಏನನ್ನೂ ಕೊಡುವುದಿಲ್ಲ. ತಿಂಗಳಿಗೆ ಐವತ್ತು ಸಾವಿರ ಖರ್ಚು, ಹತ್ತು ಸಾವಿರ ವರಮಾನ. ಎಷ್ಟು ದಿನ ನಡೆಯುತ್ತದೆ ಸಂಸಾರ? ಬ್ಯಾಟರಿಯ ಮೇಲೆ 150 ಎಂದು ಬರೆದಿತ್ತು. ಆ 150 ಕೂಡ ಹತ್ತೋ ಇಪ್ಪತ್ತೋ ಗಂಟೆ ನಿಧಾನವಾಗಿ ತೆಗೆದರೆ ಸಿಗುವ ಲೆಕ್ಕ, ಹೀಗೆ ಅವಸರವಾಗಿ ಎಳೆದರೆ ಅಷ್ಟು ಕೊಡದು. ಎಲ್ಲ ಕೂಡಿಸಿ ಕಳೆದು ಅಂಗಡಿಯವರು ಪೆನ್ನು ಮುಚ್ಚಿ, "ಎರಡು ಗಂಟೆ, ಜಾಸ್ತಿ ಅಂದ್ರೆ ಎರಡೂಕಾಲು," ಎಂದರು.

ಏಳೂವರೆಗೆ ಎರಡೂಕಾಲು ಸೇರಿಸಿ. ನಾನು ಅವರಿಗೆ ಹೊತ್ತು ಹೇಳಿರಲಿಲ್ಲ.

ಅಲ್ಲ, ಈ ಲೆಕ್ಕದಲ್ಲಿ ಹೆಣ್ಣುಮಕ್ಕಳಿಗೆ ತಿಳಿಯದ್ದು ಏನಿದೆ ಹೇಳಿ? ಕೂಡಿಸುವುದು, ಕಳೆಯುವುದು, ಒಂದು ಭಾಗಾಕಾರ. ತಿಂಗಳ ರೇಷನ್ನಿನಲ್ಲಿ ಇದಕ್ಕಿಂತ ಕಷ್ಟದ ಲೆಕ್ಕವನ್ನು ನಾವು ಕಣ್ಣಳತೆಯಲ್ಲೇ ಮಾಡುತ್ತೇವೆ. "ನಿಂಗೆ ತಿಳಿಯಾಕಿಲ್ಲ" ಎಂಬುದರ ನಿಜವಾದ ಅರ್ಥ ನನಗೆ ಆ ಚೀಟಿ ನೋಡಿದ ಮೇಲೆ ಹೊಳೆಯಿತು. ನಾನೂ ಲೆಕ್ಕ ಹಾಕಿಲ್ಲ, ನೀನೂ ಕೇಳಬೇಡ ಎಂದು ಅರ್ಥ. ಚಾರ್ಜಾಗುತ್ತದೆ ಎಂಬುದು ಸುಳ್ಳಲ್ಲ. ಎಷ್ಟು ಆಗುತ್ತದೆ, ಎಷ್ಟು ಹೊತ್ತಿಗೆ ಆಗುತ್ತದೆ ಎಂದು ಕೇಳದೆ ಇರುವುದರಲ್ಲಿದೆ ಮೋಸ. "ಹೊಂದಿಕೊಂಡು ಹೋಗಮ್ಮ, ಹೋಗ್ತಾ ಹೋಗ್ತಾ ಸರಿಹೋಗುತ್ತೆ" ಎಂದು ನಮ್ಮನ್ನು ಮದುವೆ ಮಾಡಿ ಕಳಿಸುತ್ತಿದ್ದರಲ್ಲ, ಅದೂ ಇದೇ ಜಾತಿಯ ಮಾತು. ಸರಿಹೋಗಲು ಎಷ್ಟು ದಪ್ಪದ ವೈರು ಬೇಕು ಎಂದು ಆಗಲೂ ಯಾರೂ ಹೇಳಲಿಲ್ಲ. ಇರಲಿ, ಅದು ಬೇರೆ ಪ್ರಬಂಧ.

ಇದು ಹಳ್ಳಿಯವರ ದಡ್ಡತನ ಎಂದು ಪೇಟೆಯವರು ನಗಬೇಕಾಗಿಲ್ಲ. ನನ್ನ ತಂಗಿಯ ಮಗಳು ಅಮೆರಿಕದ ಟೆಕ್ಸಾಸಿನಲ್ಲಿದ್ದಾಳೆ. ಅಲ್ಲಿ ದೊಡ್ಡ ಗಾಡಿಯ ಹಿಂದೆ ಮನೆಯನ್ನೇ ಕಟ್ಟಿಕೊಂಡು ಪ್ರವಾಸ ಹೋಗುತ್ತಾರೆ. ಅಡುಗೆಮನೆ, ಬಚ್ಚಲು, ಮಂಚ, ಫ್ರಿಜ್ಜು ಎಲ್ಲ ಆ ಟ್ರೇಲರಿನಲ್ಲೇ. ಇವರೂ ರಜದಲ್ಲಿ ಒಂದನ್ನು ಬಾಡಿಗೆಗೆ ಹಿಡಿದು ಹೋದರಂತೆ. ಅಳಿಯಂದಿರು ಇಂಜಿನಿಯರು. ಅವರೂ ಹೇಳಿದ್ದು ಅದೇ, ಇಂಗ್ಲಿಷಿನಲ್ಲಿ ಹೇಳಿದರು ಅಷ್ಟೇ. ಇಡೀ ದಿನ ಗಾಡಿ ಓಡಿಸಿದ್ದೇವೆ, ಟ್ರೇಲರಿನ ಬ್ಯಾಟರಿ ತುಂಬಿರುತ್ತದೆ ಎಂದು ನಂಬಿ ಕಾಡಿನಲ್ಲಿ ಬಿಡಾರ ಹೂಡಿದರೆ, ನಡುರಾತ್ರಿ ಹೀಟರಿನ ಫ್ಯಾನು ನಿಂತು, ಮಗುವನ್ನು ನಾಲ್ಕು ಕಂಬಳಿಯಲ್ಲಿ ಸುತ್ತಿಕೊಂಡು ಕೂತರಂತೆ. ಆಮೇಲೆ ಹುಡುಕಿ ನೋಡಿದರೆ ಅಲ್ಲಿಯೂ ಕಾರಣ ಒಂದೇ. ಮುಂದಿನ ಗಾಡಿಯಿಂದ ಹಿಂದಕ್ಕೆ ಏಳು ಪಿನ್ನಿನ ಒಂದು ಪ್ಲಗ್ಗು. ಕೆಂಪು ದೀಪಕ್ಕೆ, ಬ್ರೇಕು ದೀಪಕ್ಕೆ, ತಿರುಗುವ ದೀಪಕ್ಕೆ ಎಲ್ಲಕ್ಕೂ ಅದರಲ್ಲೇ ಪಿನ್ನು, ಬ್ಯಾಟರಿಗೂ ಒಂದು. ಆ ಒಂದು ಪಿನ್ನಿನ ವೈರು ಉದ್ದ, ಆ ಉದ್ದಕ್ಕೆ ತೆಳು. ಹೊಸ ಗಾಡಿಗಳಲ್ಲಂತೂ ಪೆಟ್ರೋಲು ಉಳಿಸಲೆಂದು ತನ್ನ ಬ್ಯಾಟರಿ ತುಂಬಿದೊಡನೆ ಆಲ್ಟರ್ನೇಟರ್ ವೋಲ್ಟೇಜನ್ನೇ ಇಳಿಸಿಬಿಡುತ್ತದಂತೆ, ಹಿಂದಿನದು ಖಾಲಿಯೋ ತುಂಬಿದೆಯೋ ಅದಕ್ಕೆ ಬೇಕಿಲ್ಲ. ಅದಕ್ಕಾಗಿ ಅಲ್ಲಿ ಈಗ ಡಿ.ಸಿ.ಯಿಂದ ಡಿ.ಸಿ.ಗೆ ಚಾರ್ಜ್ ಮಾಡುವ ಒಂದು ಪೆಟ್ಟಿಗೆಯನ್ನು ಟ್ರೇಲರಿನ ಬ್ಯಾಟರಿಯ ಪಕ್ಕದಲ್ಲಿ ಕೂರಿಸುತ್ತಾರೆ. ದಾರಿಯಲ್ಲಿ ಸೋರಿ ಹನ್ನೆರಡಕ್ಕೆ ಇಳಿದು ಬಂದದ್ದನ್ನು ಅದು ಮತ್ತೆ ಹದಿನಾಲ್ಕೂವರೆಗೆ ಎತ್ತಿ ಬ್ಯಾಟರಿಗೆ ಸುರಿಯುತ್ತದೆ. ಇಂಜಿನ್ ಆರಿಸಿದಾಗ ಕೊಂಡಿ ಕಳಚಿಕೊಂಡು ಮುಂದಿನ ಬ್ಯಾಟರಿಯನ್ನು ಕಾಯುತ್ತದೆ. ಆದರೆ ನೋಡಿ, ಅವರಿಗೆ ಆದದ್ದು ಚಳಿ. ಅವರ ಟ್ರೇಲರಿನ ಹಿಂದಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಅದರ ಪಿನ್ನನ್ನು ಕಿತ್ತು ಫ್ರಿಜ್ಜಿಗೆ ಕೊಡುವ ಯೋಚನೆ ಅಳಿಯಂದಿರಿಗೆ ಬರಲಿಲ್ಲ, ಬಂದಿದ್ದರೆ ಅಲ್ಲಿಯ ಪೊಲೀಸರು ಮೊದಲ ತಿರುವಿನಲ್ಲೇ ನಿಲ್ಲಿಸುತ್ತಿದ್ದರು.

ನಮ್ಮಲ್ಲಿ ಕಾನೂನಿಲ್ಲವೇ? ಇದೆ. 1988ರ ಮೋಟಾರು ವಾಹನ ಕಾಯಿದೆಯಿದೆ, 1989ರ ಕೇಂದ್ರ ನಿಯಮಗಳಿವೆ. ರಾತ್ರಿ ರಸ್ತೆಗೆ ಬರುವ ಟ್ರೇಲರಿನ ಹಿಂದೆ ಕೆಂಪು ದೀಪ ಇರಬೇಕು, ಹೊಳೆಯುವ ಪಟ್ಟಿ ಇರಬೇಕು. ಟ್ರೇಲರಿನಲ್ಲಿ ಜನರನ್ನು ತುಂಬುವುದಕ್ಕೂ ಕಾನೂನಿನ ಒಪ್ಪಿಗೆಯಿಲ್ಲ. ಆದರೆ ಸುಗ್ಗಿಯಲ್ಲಿ ಮಂಡ್ಯದ ಕಡೆ ರಾತ್ರಿ ಪ್ರಯಾಣ ಮಾಡಿದವರಿಗೆ ಗೊತ್ತು, ಕಬ್ಬು ತುಂಬಿದ ಟ್ರಾಕ್ಟರುಗಳು ಒಂದಲ್ಲ, ಎರಡೆರಡು ಟ್ರೇಲರು ಕಟ್ಟಿಕೊಂಡು ಕತ್ತಲೆಯದೇ ಒಂದು ತುಂಡಿನಂತೆ ಮುಂದೆ ಸಾಗುತ್ತಿರುತ್ತವೆ. ಕಬ್ಬಿನ ಸೋಗೆ ನಮ್ಮ ಬಸ್ಸಿನ ಗಾಜಿಗೆ ತಗುಲಿದಾಗಲೇ ಗೊತ್ತಾಗುವುದು ಅಲ್ಲೊಂದು ಗಾಡಿಯಿದೆ ಎಂದು. ಅವರನ್ನು ಕೇಳಿದರೆ, "ಬ್ಯಾಟ್ರಿ ತಿಂತದೆ" ಎನ್ನುತ್ತಾರೆ. ಎಷ್ಟು ತಿನ್ನುತ್ತದೆ? ಐದೈದು ವ್ಯಾಟಿನ ಎರಡು ಬಲ್ಬು. ಒಂದು ಆಂಪಿಯರೂ ಇಲ್ಲ. ನಮ್ಮ ಗಣಪತಿಯ ಅಲಂಕಾರ ಕುಡಿಯುತ್ತಿದ್ದ ಐವತ್ತರಲ್ಲಿ ಒಂದು ಪಾಲನ್ನೂ ಅದು ಕೇಳುವುದಿಲ್ಲ. ಎಲ್.ಇ.ಡಿ. ದೀಪವಾದರೆ ಇನ್ನೂ ಕಡಿಮೆ. ಸುಮ್ಮನೆ ಕೇಳುತ್ತೇನೆ, ಮನೆಮಂದಿಗೆಲ್ಲ ಊಟ ಬಡಿಸಿ, ಕೊನೆಗೆ ಒಂದು ತುತ್ತು ಉಣ್ಣುವವಳ ಮೇಲೆ "ಇವಳಿಂದಲೇ ಅಕ್ಕಿ ಖರ್ಚು" ಎಂದು ಹೇಳಿದ ಹಾಗಲ್ಲವೇ ಇದು?

2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನದ ಹತ್ತಿರ ಮೊಸಳೆಹೊಸಹಳ್ಳಿಯಲ್ಲಿ ಗಣಪತಿಯ ಮೆರವಣಿಗೆಯೊಳಕ್ಕೆ ಲಾರಿ ನುಗ್ಗಿ ಹಲವರು ಸತ್ತರು, ಓದುತ್ತಿದ್ದ ಹುಡುಗರೂ ಇದ್ದರು. ನಮ್ಮ ಜಿಲ್ಲೆಯ ಯಾವ ತಾಯಿಯೂ ಅಂದು ನಿದ್ದೆ ಮಾಡಿರಲಾರಳು. ಆ ದುರಂತಕ್ಕೂ ನಾನು ಹೇಳುತ್ತಿರುವ ದೀಪಕ್ಕೂ ಸಂಬಂಧವಿದೆಯೆಂದು ನಾನು ಹೇಳುವುದಿಲ್ಲ. ದಾರಿ ತಪ್ಪಿ ನುಗ್ಗಿದ ಲಾರಿಯನ್ನು ಕೆಂಪು ದೀಪ ನಿಲ್ಲಿಸಲಾರದು. ಆದರೆ ಅದರ ಮಾರನೆಯ ದಿನ ನನ್ನ ತಮ್ಮ ಫೋನು ಮಾಡಿ, "ನೋಡಕ್ಕ, ಎಷ್ಟು ಲೈಟ್ ಇದ್ರೇನು, ಹಣೇಲಿ ಬರ್ದಿದ್ದು ತಪ್ಪಾಕಿಲ್ಲ" ಎಂದಾಗ ನನಗೆ ಮೈಯೆಲ್ಲ ಉರಿಯಿತು. ಹಣೆಬರಹ ಎಂಬುದು ಲೆಕ್ಕ ಮುಗಿದ ಮೇಲೆ ಉಳಿಯುವ ಶೇಷ. ಲೆಕ್ಕವನ್ನೇ ಹಾಕದವನಿಗೆ ಆ ಮಾತು ಆಡುವ ಹಕ್ಕಿಲ್ಲ. ಹಾಗೆಂದು ಫೋನಿನಲ್ಲೇ ಹೇಳಿದೆ. ಒಂದು ತಿಂಗಳು ಮಾತಿರಲಿಲ್ಲ.

ಹೋದ ತಿಂಗಳು ತಾನಾಗಿಯೇ ಬಂದ, ತೆಂಗಿನಕಾಯಿ ಮೂಟೆ ಹೊತ್ತುಕೊಂಡು. ಜೊತೆಯಲ್ಲಿ ನಾದಿನಿಯೂ. ಕಾಫಿ ಕುಡಿದು ಚಂದಾ ಪುಸ್ತಕ ತೆಗೆದ. ಮುಂದಿನ ಗಣಪತಿಗೆ ಈಗಲೇ ದುಡ್ಡು ಸೇರಿಸುತ್ತಿದ್ದಾರಂತೆ, ಈ ಸಲ ಇನ್ನೂ ಜೋರಂತೆ. ನಾನು ಆ ಬಿಲ್ಲಿನ ಚೀಟಿ ತಂದು ಮುಂದಿಟ್ಟೆ. ಮೊದಲು ಅವನು ನೋಡಲಿಲ್ಲ, ನಾದಿನಿ ತೆಗೆದುಕೊಂಡು ನೋಡಿದಳು. ಅವಳು ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವಳು. ಬೆರಳಿಟ್ಟು ಸಾಲು ಸಾಲಾಗಿ ಓದಿ, "ಅತ್ಗೆ, ಇಲ್ಲಿ ಬಂದದ್ದು ಹತ್ತು, ಹೋಗಿದ್ದು ಐವತ್ತು ಅಂತಿದೆಯಲ್ಲ, ಇದು ಮೊದ್ಲೇ ಗೊತ್ತಿರ್ಲಿಲ್ವಾ ಇವ್ರಿಗೆ?" ಎಂದು ಕೇಳಿದಳು. ತಮ್ಮ ಕಾಫಿ ಲೋಟದ ತಳ ನೋಡುತ್ತಿದ್ದ.

ಅವನದೂ ಒಂದಿಷ್ಟು ವಾದವಿತ್ತು, ಹೇಳಲೇಬೇಕು. ಗೊಬ್ಬರ ಸುರಿಯುವಾಗ, ಮರಳು ಇಳಿಸುವಾಗ ಹಿಂದಿನ ದೀಪ ಒಡೆದುಹೋಗುತ್ತದೆ. ಕೊಟ್ಟಿಗೆಯಲ್ಲಿ ನಿಂತ ಟ್ರೇಲರಿನ ವೈರನ್ನು ಇಲಿ ಕಡಿಯುತ್ತದೆ. ಟ್ರೇಲರನ್ನು ಮೂರು ಮನೆಯವರು ಬಳಸುತ್ತಾರೆ, ಯಾರು ರಿಪೇರಿ ಮಾಡಿಸಬೇಕು? ಸುಳ್ಳಲ್ಲ. ನಮ್ಮ ಮನೆಯ ಮಿಕ್ಸಿ ಜಾರು ಕೂಡ ಒಡೆಯುತ್ತದೆ, ರಬ್ಬರು ಸವೆಯುತ್ತದೆ, ಹಾಗೆಂದು ಮುಚ್ಚಳ ಹಾಕದೆ ಚಟ್ನಿ ರುಬ್ಬುತ್ತೇವೆಯೇ? ದೀಪಕ್ಕೊಂದು ಕಬ್ಬಿಣದ ಜಾಲರಿ ಕಟ್ಟಿಸಬಹುದು. ವೈರನ್ನು ಪೈಪಿನೊಳಗೆ ಹಾಯಿಸಬಹುದು. ಹಬ್ಬದ ಅಲಂಕಾರಕ್ಕೆ ಜನರೇಟರು ಬೇಕಾದರೆ ಬಾಡಿಗೆಗೆ ತರಲಿ. ಬ್ಯಾಟರಿಯೇ ಸಾಕೆನ್ನುವುದಾದರೆ ಹಿಂದಿನ ದಿನವೇ ಅಂಗಡಿಯಲ್ಲಿ ಕೊಟ್ಟು ಪೂರ್ತಿ ಚಾರ್ಜ್ ಮಾಡಿಸಿ, ಅದು ಎಷ್ಟು ಗಂಟೆ ಬರುತ್ತದೋ ಅಷ್ಟೇ ದೀಪ ಹಾಕಲಿ. ಹಳೆಯ ಬಲ್ಬು ತೆಗೆದು ಎಲ್.ಇ.ಡಿ. ಹಾಕಿದರೆ ಅದೇ ಬೆಳಕಿಗೆ ಎಷ್ಟೋ ಕಡಿಮೆ ಸಾಕು. ಬ್ಯಾಟರಿಯನ್ನು ಮಂಗಳಾರತಿ ತಟ್ಟೆಯ ಕೆಳಗೆ ಹೂವಿನಲ್ಲಿ ಮುಚ್ಚಿ ಇಡುವುದಂತೂ ಬೇಡವೇ ಬೇಡ. ಚಾರ್ಜಾಗುವಾಗ ಅದರಿಂದ ಜಲಜನಕ ಬರುತ್ತದೆ, ಕರ್ಪೂರದ ಒಂದು ಕಿಡಿ ಸಾಕು. ಮತ್ತೆ, ಹಬ್ಬ ಮುಗಿದ ಮೇಲೆ ಖಾಲಿ ಬ್ಯಾಟರಿಯನ್ನು ಮೂಲೆಗೆ ಎಸೆಯುತ್ತಾರಲ್ಲ, ಒಳಗಿನ ಸೀಸದ ತಟ್ಟೆಗಳ ಮೇಲೆ ಸಲ್ಫೇಟು ಹರಳುಗಟ್ಟಿ ಅದು ಮುಂದಿನ ವರ್ಷಕ್ಕೆ ಕಲ್ಲಾಗಿರುತ್ತದೆ. ಹಾಗೆ ಸತ್ತ ಮೂರು ಬ್ಯಾಟರಿ ತವರಿನ ಅಟ್ಟದ ಕೆಳಗೆ ಕೂತಿವೆ. ಅವುಗಳ ದುಡ್ಡಿನಲ್ಲಿ ಎಷ್ಟು ಕೆಂಪು ದೀಪ ಬರುತ್ತಿದ್ದವೋ.

"ಏನೇ ಅನ್ನಕ್ಕ, ಹಿಂದ್ಲ ಲೈಟ್ ಹಾಕಿದ್ರೆ ಅಲಂಕಾರ ಕೆಡ್ತದೆ," ಎಂದ ಕೊನೆಗೆ. ಕೆಂಪು ದೀಪ ದೇವರಿಗೆ ಒಪ್ಪುವುದಿಲ್ಲವಂತೆ! ಬೆಟ್ಟದ ಮೇಲಿನ ಗೊಮ್ಮಟ ಸಾವಿರ ವರ್ಷದಿಂದ ಒಂದು ನೂಲೆಳೆಯ ಅಲಂಕಾರವೂ ಇಲ್ಲದೆ ನಿಂತಿದ್ದಾನೆ, ನೋಡಲು ಜನ ದೇಶ ದೇಶದಿಂದ ಬರುತ್ತಾರೆ; ಅವನ ಕಣ್ಣ ಕೆಳಗೇ ಇರುವ ನಮ್ಮೂರಿಗೆ ಅಲಂಕಾರದ್ದೇ ಚಿಂತೆ. ನಾನು ಇದನ್ನು ಹೇಳಿದಾಗ ನಾದಿನಿ ಸೆರಗು ಬಾಯಿಗಿಟ್ಟು ನಕ್ಕಳು. ತಮ್ಮನಿಗೂ ನಗು ಬಂತು, ತಡೆದುಕೊಂಡ.

ಚಂದಾ ಕೊಡುವುದಿಲ್ಲವೆಂದು ನಾನು ಹೇಳಲಿಲ್ಲ. ಮೂವರೂ ಎದ್ದು ಬ್ಯಾಟರಿ ಅಂಗಡಿಗೆ ಹೋದೆವು. ಎರಡು ಎಲ್.ಇ.ಡಿ. ಕೆಂಪು ದೀಪ, ಅವಕ್ಕೆ ಜಾಲರಿ, ಹತ್ತು ಮೀಟರು ವೈರು, ಪ್ಲಗ್ಗು, ಹಿಂಬದಿಗೆ ಅಂಟಿಸಲು ಹೊಳೆಯುವ ಕೆಂಪು ಪಟ್ಟಿ. ಒಟ್ಟು 1,860 ರೂಪಾಯಿ. ಅಂಗಡಿಯವರು, "ಈ ವೈರು ದೀಪಕ್ಕೆ ಮಾತ್ರ ತಾಯಿ, ಬ್ಯಾಟರಿಗಲ್ಲ," ಎಂದು ತಮ್ಮನ ಮುಖ ನೋಡಿಯೇ ಹೇಳಿದರು. ನಾದಿನಿ ಚಂದಾ ಪುಸ್ತಕ ಬಿಚ್ಚಿ ನನ್ನ ಹೆಸರಿನ ಮುಂದೆ ಅಷ್ಟೇ ಮೊತ್ತ ಬರೆದು, ಬಿಲ್ಲನ್ನು ಅದೇ ಪುಟಕ್ಕೆ ಪಿನ್ನು ಚುಚ್ಚಿಟ್ಟಳು. ಸಂಘದ ಹದಿನಾಲ್ಕು ಜನರ ಚಂದಾ ಕೂಡ ಟ್ರೇಲರಿನ ಹಿಂದಿನ ದೀಪ ಉರಿದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಎಂದು ಅಲ್ಲೇ ಕೌಂಟರಿನ ಮುಂದೆ ಅವಳೇ ಹೇಳಿದಳು, ನಾನಲ್ಲ.

ತಮ್ಮ ವೈರಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದ. ಮೊನ್ನೆ ತಮ್ಮನ ಮಗಳು ಫೋನು ಮಾಡಿದ್ದಳು. "ಅತ್ತೆ, ಅಪ್ಪ ದೀಪ ಹಾಕ್ಸಿದ್ರು. ರಾತ್ರಿ ನಾನು ಕೆರೆ ಏರಿ ಮೇಲೆ ಹೋಗಿ ನಿಂತ್ಕೊಂಡು ನೋಡ್ದೆ. ಅಲ್ಲೀವರೆಗೂ ಕಾಣ್ತದೆ."